ಎಲ್ಲರ ಲೇಸರ್ ಕಟರ್, ನಿಮ್ಮ ಮೊದಲ ಕಟ್

ಲೇಸರ್ ಕಟರ್ ಮುಂದೆ ಮೊದಲ ಸಲ ನಿಂತವರು ಹೆದರುವುದು ಅದರ ಕಿರಣಕ್ಕೆ. ಕಣ್ಣಿಗೆ ಏನಾದರೂ ಆದರೆ? ಕೈಗೆ ತಗುಲಿದರೆ? ಭಯಪಡಬೇಡಿ. ಮುಚ್ಚಳ ಮತ್ತು ಅದರ ಸ್ವಿಚ್ಚು ನೆಟ್ಟಗಿರುವ ಮೆಷೀನಿನಲ್ಲಿ ಕಿರಣ ಪೆಟ್ಟಿಗೆ ಬಿಟ್ಟು ಹೊರಗೆ ಬರುವುದಿಲ್ಲ. ಎಚ್ಚರ ಬೇಕಾದದ್ದು ಬೇರೆ ಕಡೆ. ಏನೆಂದು ಗೊತ್ತಿಲ್ಲದ ಶೀಟಿನಿಂದ ಏಳುವ ಹೊಗೆ, ಯಾರೂ ನೋಡದಿದ್ದಾಗ ಹತ್ತಿಕೊಳ್ಳುವ ಬೆಂಕಿ, ಹಿಂದಿನವರು ಬಿಟ್ಟುಹೋದ ಸೆಟ್ಟಿಂಗು. ಮೆಷೀನು ನಿಮ್ಮೊಬ್ಬರದೇ ಆಗಿದ್ದರೆ ಇವು ಅಷ್ಟಾಗಿ ಕಾಡುವುದಿಲ್ಲ. ಹತ್ತು ಜನ ಬಳಸುವ ಕಡೆ ಇವೇ ದೊಡ್ಡ ತಲೆನೋವು.

ಹತ್ತು ಜನ ಬಳಸುವ ಲೇಸರ್ ಕಟರ್ ಈಗ ಅಪರೂಪವೂ ಅಲ್ಲ. ಎಂಜಿನಿಯರಿಂಗ್ ಕಾಲೇಜುಗಳ ಐಡಿಯಾ ಲ್ಯಾಬ್‌ಗಳಲ್ಲಿ, ಆರ್ಕಿಟೆಕ್ಚರ್ ಕಾಲೇಜುಗಳ ಮಾಡೆಲ್ ರೂಮುಗಳಲ್ಲಿ, ಬೆಂಗಳೂರಿನ ಮೇಕರ್‌ಸ್ಪೇಸ್‌ಗಳಲ್ಲಿ ಸಿಗುತ್ತದೆ. ದೊಡ್ಡ ಊರಿಗೇ ಮೀಸಲು ಅಂತಲೂ ಇಲ್ಲ: ಅಮೆರಿಕದ ಎಂಐಟಿಯವರ ಫ್ಯಾಬ್ ಲ್ಯಾಬ್ ಎಂಬ ಹಂಚಿಕೊಂಡ ವರ್ಕ್‌ಶಾಪ್ 2002ರಲ್ಲೇ ಪುಣೆ ಜಿಲ್ಲೆಯ ಪಾಬಳ ಎಂಬ ಹಳ್ಳಿಯ ವಿಜ್ಞಾನ ಆಶ್ರಮಕ್ಕೆ ಬಂದಿತ್ತು.

ಕಲಿಯಲು ಒಂದು ಕೆಲಸ ಇಟ್ಟುಕೊಳ್ಳೋಣ. ಮನೆಯೊಳಗಿನ ಗೋಡೆಗೆ ಒಂದು ಹೆಸರಿನ ಫಲಕ. ಹೆಸರು ‘ನೆಮ್ಮದಿ’. ಅಳತೆ 200 × 80 ಮಿ.ಮೀ., 3 ಮಿ.ಮೀ. ದಪ್ಪದ ಎಂಡಿಎಫ್ ಶೀಟು, ಅಂದರೆ ಮರದ ನಾರಿಗೆ ಅಂಟು ಬೆರೆಸಿ ಒತ್ತಿದ ಹಲಗೆ. ಅಕ್ಷರಗಳನ್ನು ಕೆತ್ತುತ್ತೇವೆ, ಅಂಚನ್ನು ಕತ್ತರಿಸುತ್ತೇವೆ. ಒಂದೇ ಕೆಲಸದಲ್ಲಿ ಎರಡೂ ಕೈಗೆ ಬರುತ್ತದೆ.

ಹಂತ 1: ಇನ್‌ಚಾರ್ಜ್ ಅವರನ್ನು ಹುಡುಕಿ

ಮೆಷೀನು ಖಾಲಿ ಇದೆ, ಯೂಟ್ಯೂಬಿನಲ್ಲಿ ನೋಡಿದ್ದೇನೆ ಅಂತ ಕೈ ಹಾಕಬೇಡಿ. ಆ ಮೆಷೀನಿನ ಹೊಣೆ ಹೊತ್ತವರು ಒಬ್ಬರಿರುತ್ತಾರೆ. ಅವರನ್ನು ಕೇಳಿ, ಮೊದಲ ಸಲ ಪಕ್ಕದಲ್ಲೇ ನಿಲ್ಲಿಸಿಕೊಳ್ಳಿ. ಐದು ವಿಷಯ ಕೇಳಿ, ಉತ್ತರವನ್ನು ಬಾಯಲ್ಲಿ ಕೇಳುವುದಷ್ಟೇ ಸಾಲದು, ಕೈ ಮಾಡಿ ತೋರಿಸಲು ಹೇಳಿ: ಎಮರ್ಜೆನ್ಸಿ ಸ್ಟಾಪ್ ಎಲ್ಲಿದೆ, ಬೆಂಕಿ ಆರಿಸುವ ಸಿಲಿಂಡರ್ ಎಲ್ಲಿದೆ, ಎಕ್ಸಾಸ್ಟ್ ಸ್ವಿಚ್ ಯಾವುದು, ಇಲ್ಲಿ ಯಾವ ಯಾವ ಮೆಟೀರಿಯಲ್ ಹಾಕಬಹುದು, ಏನಾದರೂ ಆದರೆ ಯಾರಿಗೆ ಫೋನ್ ಮಾಡಬೇಕು.

ಇಷ್ಟನ್ನು ಕೇಳಲು ಸಂಕೋಚ ಬೇಡ. ಕೇಳದವರನ್ನು ಕಂಡರೇ ಇನ್‌ಚಾರ್ಜ್‌ಗಳಿಗೆ ಭಯ.

ಹಂತ 2: ಯಾವ ಬಗೆಯ ಲೇಸರ್ ಅಂತ ತಿಳಿದುಕೊಳ್ಳಿ

ಈ ಬರಹ ಸಿಓಟು ಲೇಸರ್‌ಗೆ, ಅಂದರೆ ಗಾಜಿನ ಟ್ಯೂಬಿನಲ್ಲಿ ಕಾರ್ಬನ್ ಡೈಆಕ್ಸೈಡ್ ಅನಿಲ ತುಂಬಿರುವ ಮೆಷೀನಿಗೆ. ವರ್ಕ್‌ಶಾಪ್‌ಗಳಲ್ಲಿ ಮರ, ಅಕ್ರಿಲಿಕ್ ಕತ್ತರಿಸಲು ಹೆಚ್ಚಾಗಿ ಇರುವುದು ಇದೇ. ಇದನ್ನು 1964ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಕಂಡುಹಿಡಿದವರು ಬಾರಾಮತಿಯಲ್ಲಿ ಹುಟ್ಟಿದ ಸಿ. ಕುಮಾರ್ ಪಟೇಲ್. ಇದರ ಕಿರಣ ಕಣ್ಣಿಗೆ ಕಾಣುವುದಿಲ್ಲ. ಮೆಷೀನಿನೊಳಗೆ ಕೆಂಪು ಚುಕ್ಕೆಯೊಂದು ಓಡಾಡುತ್ತದಲ್ಲ, ಅದು ಜಾಗ ತೋರಿಸುವ ಪುಟ್ಟ ದೀಪ ಅಷ್ಟೇ. ಹೊಸಬರು ಅದನ್ನೇ ಕತ್ತರಿಸುವ ಕಿರಣ ಅಂದುಕೊಳ್ಳುತ್ತಾರೆ. ಕೆಂಪು ಚುಕ್ಕೆ ಆರಿದ್ದರೆ ಲೇಸರ್ ಆಫ್ ಆಗಿದೆ ಎಂದೂ ಅಂದುಕೊಳ್ಳುತ್ತಾರೆ. ಎರಡೂ ತಪ್ಪು.

ಎಚ್ಚರ: ಸಿಓಟು ಮೆಷೀನಿನ ಮುಚ್ಚಳದ ಅಕ್ರಿಲಿಕ್ ಕಿಟಕಿ ಆ ಕಿರಣವನ್ನು ತಡೆಯುತ್ತದೆ. ಆದರೆ ಪಕ್ಕದ ಮೇಜಿನಲ್ಲಿ ನೀಲಿ ಬೆಳಕಿನ ಡಯೋಡ್ ಲೇಸರ್ ಇದ್ದರೆ ಅದು ಪಾರದರ್ಶಕ ಅಕ್ರಿಲಿಕ್ಕನ್ನು ದಾಟಿ ಬರುತ್ತದೆ. ಅದಕ್ಕೆ ಅದರದೇ ಬಣ್ಣದ ಪರದೆ, ಅದರದೇ ಕನ್ನಡಕ ಬೇಕು. ಒಂದು ಮೆಷೀನಿನ ಕನ್ನಡಕ ಹಾಕಿಕೊಂಡು ಇನ್ನೊಂದರ ಮುಂದೆ ಧೈರ್ಯವಾಗಿ ನಿಲ್ಲಬೇಡಿ.

ಹಂತ 3: ಸ್ವಿಚ್ ಹಾಕುವ ಮೊದಲು ಮೆಷೀನನ್ನು ಒಂದು ಸುತ್ತು ನೋಡಿ

ಮುಚ್ಚಳ ಎತ್ತಿ. ಒಳಗೆ ಜೇನುಗೂಡಿನ ಜಾಲರಿಯಂಥ ಬೆಡ್ ಕಾಣುತ್ತದೆ, ಅದನ್ನು ಹನಿಕಾಂಬ್ ಅನ್ನುತ್ತಾರೆ. ಶೀಟು ಇಡುವುದು ಅದರ ಮೇಲೆ. ಮೇಲುಗಡೆ ಹಳಿಗಳ ಮೇಲೆ ಓಡಾಡುವ ಹೆಡ್ ಇದೆ. ಅದರೊಳಗೆ ಲೆನ್ಸು, ತುದಿಯಲ್ಲಿ ನಾಝಲ್. ನಾಝಲ್‌ಗೆ ಬಂದು ಸೇರುವ ತೆಳು ಪೈಪು ಏರ್ ಅಸಿಸ್ಟ್. ಕಿರಣ ಬೀಳುವ ಜಾಗಕ್ಕೆ ಗಾಳಿ ಊದಿ ಜ್ವಾಲೆಯನ್ನೂ ಹೊಗೆಯನ್ನೂ ಆಚೆ ತಳ್ಳುತ್ತದೆ. ಮೆಷೀನಿನ ಹಿಂದಿನಿಂದ ಹೊರಟ ದಪ್ಪ ಪೈಪು ಎಕ್ಸಾಸ್ಟ್. ನೆಲದ ಮೇಲಿರುವ ನೀರಿನ ಪೆಟ್ಟಿಗೆ ಚಿಲ್ಲರ್, ಟ್ಯೂಬನ್ನು ತಣ್ಣಗಿಡುವುದು ಇದೇ.

ಈಗ ಮುಚ್ಚಳದ ಅಂಚು ನೋಡಿ. ಮುಚ್ಚಳ ತೆರೆದರೆ ಲೇಸರ್ ತಾನಾಗಿ ನಿಲ್ಲುವಂತೆ ಅಲ್ಲೊಂದು ಸ್ವಿಚ್ ಇರುತ್ತದೆ, ಇಂಟರ್‌ಲಾಕ್ ಅಂತ. ಅವಸರದವರು ಯಾರಾದರೂ ಅದಕ್ಕೆ ಟೇಪು ಸುತ್ತಿ, ಅಯಸ್ಕಾಂತ ಅಂಟಿಸಿ ಮೋಸ ಮಾಡಿಟ್ಟಿರುವುದುಂಟು. ಹಾಗೇನಾದರೂ ಕಂಡರೆ ಅವತ್ತು ಕೆಲಸ ಬೇಡ. ಇನ್‌ಚಾರ್ಜ್‌ಗೆ ಹೇಳಿ, ಹೊರಟುಬಿಡಿ. ಈ ಒಂದು ವಿಷಯದಲ್ಲಿ ಮುಲಾಜು ನೋಡಬೇಡಿ. ಕೆಲವು ಅಗ್ಗದ ಮೆಷೀನುಗಳಿಗೆ ಇಂಟರ್‌ಲಾಕ್ ಇರುವುದೇ ಇಲ್ಲ. ಅಂಥದ್ದು ಹೊಸಬರು ಕಲಿಯುವ ಮೆಷೀನಲ್ಲ.

ಹಿಂಬದಿಯ, ಪಕ್ಕದ ಬಾಗಿಲುಗಳನ್ನು ಮಾತ್ರ ಯಾವತ್ತೂ ತೆರೆಯಬೇಡಿ. ಟ್ಯೂಬಿಗೆ ಹೋಗುವ ವೈರಿನಲ್ಲಿ ಸಾವಿರಾರು ವೋಲ್ಟ್ ಇರುತ್ತದೆ, ಪ್ಲಗ್ ಕಿತ್ತ ಮೇಲೂ ಸ್ವಲ್ಪ ಹೊತ್ತು ಉಳಿದಿರಬಹುದು. ನನ್ನ ಮಟ್ಟಿಗೆ ಈ ಮೆಷೀನಿನಲ್ಲಿ ಕಿರಣಕ್ಕಿಂತ ಹೆಚ್ಚು ಮರ್ಯಾದೆ ಸಲ್ಲಬೇಕಾದದ್ದು ಈ ವೈರಿಗೆ.

ಹಂತ 4: ಶೀಟು ಏನೆಂದು ಖಚಿತ ಮಾಡಿಕೊಳ್ಳಿ

ಇಲ್ಲಿ ಸ್ವಲ್ಪ ಹೊತ್ತು ನಿಲ್ಲಿ. ಹಂಚಿಕೊಂಡ ವರ್ಕ್‌ಶಾಪಿನಲ್ಲಿ ಮೆಷೀನುಗಳು ಹಾಳಾಗುವುದು, ಜನ ಕೆಮ್ಮುತ್ತ ಹೊರಗೆ ಓಡುವುದು ಈ ಹಂತವನ್ನು ಹಾರಿಸಿದ್ದರಿಂದ.

ದೊಡ್ಡ ಶತ್ರು ಪಿವಿಸಿ. ಲೇಸರ್ ತಾಗಿದಾಗ ಅದರಿಂದ ಹೈಡ್ರೋಜನ್ ಕ್ಲೋರೈಡ್ ಅನಿಲ ಬರುತ್ತದೆ. ಅದು ಗಾಳಿಯ ತೇವದ ಜೊತೆ ಸೇರಿದರೆ ಹೈಡ್ರೋಕ್ಲೋರಿಕ್ ಆಸಿಡ್. ಶ್ವಾಸಕೋಶಕ್ಕೂ ಕೆಟ್ಟದ್ದು, ಹಳಿ, ಬೇರಿಂಗು, ಲೆನ್ಸುಗಳಿಗೂ ಕೆಟ್ಟದ್ದು. ಇದರ ಮೋಸ ಏನೆಂದರೆ, ಪಿವಿಸಿ ಕಟ್ ಆಗುತ್ತದೆ. ಮೆಷೀನು ನಿಲ್ಲುವುದಿಲ್ಲ, ಎಚ್ಚರಿಕೆ ಗಂಟೆ ಹೊಡೆಯುವುದಿಲ್ಲ. ‘ಕಟ್ ಆಗುತ್ತಲ್ಲ, ಇನ್ನೇನು’ ಅಂದುಕೊಂಡವರು ಮುಂದುವರಿಸುತ್ತಾರೆ. ಕೆಲವು ವಾರಗಳಾದ ಮೇಲೆ ಹಳಿ ತುಕ್ಕು ಹಿಡಿದಾಗ ಯಾರು ಮಾಡಿದ್ದು ಅಂತ ಯಾರಿಗೂ ಗೊತ್ತಿರುವುದಿಲ್ಲ.

ಪಿವಿಸಿ ನಮ್ಮಲ್ಲಿ ‘ಪಿವಿಸಿ’ ಅನ್ನುವ ಹೆಸರಿನಲ್ಲೇ ಬರುವುದಿಲ್ಲ, ಅದೇ ಕಷ್ಟ. ಮಾಡೆಲ್ ಮಾಡುವ ವಿದ್ಯಾರ್ಥಿಗಳು ಕೊಳ್ಳುವ ಬಿಳಿ ಸನ್‌ಬೋರ್ಡ್ ಸಾಮಾನ್ಯವಾಗಿ ಪಿವಿಸಿ ಫೋಮ್. ಬ್ಯಾನರಿನ ಫ್ಲೆಕ್ಸ್ ಪಿವಿಸಿ. ಸೀಟಿಗೆ ಹೊದಿಸುವ ರೆಕ್ಸಿನ್ ಹೆಚ್ಚಾಗಿ ಪಿವಿಸಿ ಬಳಿದ ಬಟ್ಟೆ. ಗಾಡಿಗೆ ಅಂಟಿಸುವ ವಿನೈಲ್ ಸ್ಟಿಕ್ಕರ್ ಪಿವಿಸಿ. ಪ್ಲೈವುಡ್ ಬದಲಿಗೆ ನೀರಿಗೆ ಕೆಡದ ಹಲಗೆ ಅಂತ ಮಾರುವ ಹಲವು ಡಬ್ಲ್ಯೂಪಿಸಿ ಬೋರ್ಡುಗಳಲ್ಲೂ ಪಿವಿಸಿ ಇರುತ್ತದೆ, ನೋಡಲು ಮರದ ಹಾಗೇ ಕಾಣುತ್ತದೆ. ಇವು ಯಾವುದನ್ನೂ ಬೆಡ್ ಮೇಲೆ ಇಡಬೇಡಿ.

ಇನ್ನೂ ಕೆಲವು ಬೇಡದವು: ಎಬಿಎಸ್ ಕರಗಿ ಅಂಟುತ್ತದೆ, ಅದರ ಹೊಗೆಯಲ್ಲಿ ಸಯನೈಡ್ ಅನಿಲ ಇರುತ್ತದೆ. ಥರ್ಮೋಕೋಲ್ ಬೇಗ ಬೆಂಕಿ ಹಿಡಿಯುತ್ತದೆ. ಪಾಲಿಕಾರ್ಬೊನೇಟ್ ಕಟ್ ಆಗುವುದಕ್ಕಿಂತ ಕಂದು ಬಣ್ಣಕ್ಕೆ ತಿರುಗಿ ಸುಡುತ್ತದೆ, ಅದೂ ಅಕ್ರಿಲಿಕ್‌ನ ಹಾಗೇ ಗಾಜಿನಂತೆ ಕಾಣುವುದರಿಂದ ಮೋಸ ಹೋಗುವುದು ಸುಲಭ. ಕ್ರೋಮ್ ಹದ ಮಾಡಿದ ಚರ್ಮ ಬೇಡ. ಫೈಬರ್‌ಗ್ಲಾಸ್ ಬೇಡ.

ಹಾಕಬಹುದಾದವು: ಅಕ್ರಿಲಿಕ್, ಎಂಡಿಎಫ್, ತೆಳು ಪ್ಲೈವುಡ್, ರಟ್ಟು, ಕಾಗದ, ಹತ್ತಿ ಬಟ್ಟೆ. ಪ್ಲೈವುಡ್ಡಿನಲ್ಲಿ ನೀರಿಗೆ ಕೆಡದ ಬಗೆಯದ್ದರ ಅಂಟು ಕಿರಣಕ್ಕೆ ಸುಲಭವಾಗಿ ಬಗ್ಗುವುದಿಲ್ಲ, ಕಟ್ ಆಗದೆ ಕರಟುತ್ತದೆ. ನಾವು ಎಂಡಿಎಫ್ ಆರಿಸಿಕೊಂಡದ್ದು ಅದು ಎಲ್ಲ ಕಡೆ ಒಂದೇ ಸಮ ಇರುತ್ತದೆ ಅಂತ. ಅದರ ಅಂಟಿನಲ್ಲಿ ಫಾರ್ಮಾಲ್ಡಿಹೈಡ್ ಇರುವುದರಿಂದ ಎಕ್ಸಾಸ್ಟ್ ಚೆನ್ನಾಗಿರಬೇಕು ಅಷ್ಟೇ.

ಅಂಗಡಿಯಲ್ಲಿ ‘ಪ್ಲಾಸ್ಟಿಕ್ ಶೀಟ್ ಕೊಡಿ’ ಅನ್ನಬೇಡಿ. ‘ಕಾಸ್ಟ್ ಅಕ್ರಿಲಿಕ್’ ಅಂತ ಹೆಸರು ಹಿಡಿದು ಕೇಳಿ, ಬಿಲ್ಲಿನಲ್ಲಿ ಹಾಗೇ ಬರೆಸಿಕೊಳ್ಳಿ. ವರ್ಕ್‌ಶಾಪಿನ ಮೂಲೆಯಲ್ಲಿ ಬಿದ್ದಿರುವ ತುಂಡುಗಳ ಡಬ್ಬಿ ಆಸೆ ಹುಟ್ಟಿಸುತ್ತದೆ, ಪುಕ್ಕಟೆ ಬೇರೆ. ಅದರಲ್ಲಿ ಹೆಸರು ಬರೆಯದ ತುಂಡಿದ್ದರೆ ಅದನ್ನು ಪಿವಿಸಿ ಅಂತಲೇ ತಿಳಿಯಿರಿ. ಅನುಮಾನ ಬಗೆಹರಿಸಲು ಹಳೆಯ ಪರೀಕ್ಷೆಯೊಂದಿದೆ: ತಾಮ್ರದ ತಂತಿಯನ್ನು ಕೆಂಪಗೆ ಕಾಯಿಸಿ ಪ್ಲಾಸ್ಟಿಕ್ಕಿಗೆ ತಾಗಿಸಿ, ಮತ್ತೆ ಜ್ವಾಲೆಗೆ ಹಿಡಿದಾಗ ಹಸಿರು ಬಣ್ಣ ಬಂದರೆ ಅದರಲ್ಲಿ ಕ್ಲೋರಿನ್‌ನಂಥದ್ದೇನೋ ಇದೆ. ಮಾಡಿದರೆ ಇನ್‌ಚಾರ್ಜ್ ಜೊತೆಗಿದ್ದು, ಹೊರಗೆ ಬಯಲಲ್ಲಿ ಮಾಡಿ, ತಂತಿಯನ್ನು ಇಕ್ಕಳದಲ್ಲಿ ಹಿಡಿಯಿರಿ, ಹೊಗೆ ಕುಡಿಯಬೇಡಿ.

ಹಂತ 5: ಡ್ರಾಯಿಂಗ್ ಮಾಡಿ

ಇಂಕ್‌ಸ್ಕೇಪ್ ಸಾಕು, ಅದು ಉಚಿತ. ಡಾಕ್ಯುಮೆಂಟ್ ಅಳತೆಯನ್ನು ಮಿಲಿಮೀಟರಿಗೆ ಇಡಿ. 200 × 80ರ ಒಂದು ಆಯತ ಬರೆಯಿರಿ, ಗೆರೆಗೆ ಕೆಂಪು ಬಣ್ಣ ಕೊಡಿ. ಮೇಲೆ ಎರಡು ಮೂಲೆಯಲ್ಲಿ ನೇತುಹಾಕಲು 4 ಮಿ.ಮೀ. ರಂಧ್ರಗಳು, ಅವಕ್ಕೆ ನೀಲಿ. ನಡುವೆ ‘ನೆಮ್ಮದಿ’ ಎಂದು ಟೈಪ್ ಮಾಡಿ, ಕಪ್ಪು. ಬಣ್ಣಗಳು ಅಂದಕ್ಕಲ್ಲ, ಕಟಿಂಗ್ ಸಾಫ್ಟ್‌ವೇರ್ ಒಂದೊಂದು ಬಣ್ಣವನ್ನು ಒಂದೊಂದು ಕೆಲಸ ಅಂತ ಓದುತ್ತದೆ.

ಹಂತ 6: ಅಕ್ಷರಗಳನ್ನು ಗೆರೆಯಾಗಿ ಬದಲಿಸಿ

ಕನ್ನಡ ಬರೆಯುವವರು ಜಾರುವುದು ಇಲ್ಲೇ. ನಿಮ್ಮ ಲ್ಯಾಪ್‌ಟಾಪಿನಲ್ಲಿ ಚಂದ ಕಂಡ ‘ಮ್ಮ’ ಮೆಷೀನ್ ಪಕ್ಕದ ಕಂಪ್ಯೂಟರಿನಲ್ಲಿ ಚೌಕ ಡಬ್ಬಿಗಳಾಗಿ ಅಥವಾ ಒತ್ತು ಬಿಟ್ಟುಹೋದ ‘ಮ್‌ಮ’ ಆಗಿ ಕಾಣಬಹುದು. ಆ ಕಂಪ್ಯೂಟರಿನಲ್ಲಿ ನಿಮ್ಮ ಫಾಂಟ್ ಇರುವುದಿಲ್ಲ. ಇದ್ದರೂ ಕೆಲವು ಸಾಫ್ಟ್‌ವೇರ್‌ಗಳಿಗೆ ಒತ್ತಕ್ಷರ ಜೋಡಿಸಲು ಬರುವುದಿಲ್ಲ. ಅದಕ್ಕೆ ಅಕ್ಷರಗಳನ್ನು ಆರಿಸಿ ‘ಪಾತ್’ ಮೆನುವಿನಲ್ಲಿ ‘ಆಬ್ಜೆಕ್ಟ್ ಟು ಪಾತ್’ ಒತ್ತಿ. ಈಗ ಅವು ಅಕ್ಷರಗಳಲ್ಲ, ಬರೀ ಆಕಾರಗಳು. ಎಲ್ಲಿ ತೆರೆದರೂ ಹಾಗೇ ಇರುತ್ತವೆ. ನಂತರ ಗುಂಪು ಬಿಡಿಸಿ, ‘ಯೂನಿಯನ್’ ಒತ್ತಿ. ಇದು ಯಾಕೆಂದರೆ ಗುಣಿತ, ಒತ್ತು ಅಕ್ಷರಕ್ಕೆ ತಾಗುವ ಕಡೆ ಎರಡು ಆಕಾರ ಒಂದರ ಮೇಲೊಂದು ಕೂತಿರಬಹುದು. ಹಾಗೇ ಬಿಟ್ಟರೆ ಆ ಜಾಗ ಕೆತ್ತನೆಯಾಗದೆ ಖಾಲಿ ಉಳಿಯುತ್ತದೆ.

‘ಕೆತ್ತುವ ಬದಲು ಅಕ್ಷರವನ್ನೇ ಕತ್ತರಿಸಿ ತೆಗೆದರೆ ಚಂದ ಅಲ್ಲವಾ’ ಅನ್ನಿಸಬಹುದು. ಮೊದಲ ಸಲಕ್ಕೆ ಬೇಡ. ‘ದ’ದ ಹೊಟ್ಟೆಯನ್ನು ನೋಡಿ: ಸುತ್ತ ಗೆರೆ, ಒಳಗೆ ಒಂದು ತುಂಡು. ಅಕ್ಷರ ಕತ್ತರಿಸಿದರೆ ಆ ತುಂಡಿಗೆ ಹಿಡಿದುಕೊಳ್ಳಲು ಏನೂ ಇರುವುದಿಲ್ಲ, ಬೆಡ್ಡಿನ ಕೆಳಗೆ ಉದುರುತ್ತದೆ. ಅಕ್ಷರಗಳನ್ನೇ ಬಿಡಿಸಿ ಗೋಡೆಗೆ ಅಂಟಿಸುತ್ತೇನೆ ಅಂದರೆ ಕೆಳಗಿನ ಒತ್ತು ‘ಮ’ ಬೇರೆಯಾಗಿ ಬಂದು ಕೈಯಲ್ಲಿ ಉಳಿಯುತ್ತದೆ. ಇಂಗ್ಲಿಷ್ ಹೆಸರಿನ ಫಲಕ ತೋರಿಸುವ ವಿಡಿಯೋಗಳಲ್ಲಿ ಈ ತಾಪತ್ರಯ ಯಾರೂ ಹೇಳಿರುವುದಿಲ್ಲ. ಸೇತುವೆಯ ಹಾಗೆ ಸಣ್ಣ ಪಟ್ಟಿ ಬಿಟ್ಟು ಜೋಡಿಸುವ ಉಪಾಯವಿದೆ, ಎರಡನೇ ಫಲಕಕ್ಕೆ ಇಟ್ಟುಕೊಳ್ಳಿ.

ಹಂತ 7: ಜೋಡಿ ಗೆರೆಗಳನ್ನು ಅಳಿಸಿ

ಒಂದೇ ಗೆರೆಯ ಮೇಲೆ ಇನ್ನೊಂದು ಗೆರೆ ಕೂತಿದ್ದರೆ ಕಣ್ಣಿಗೆ ಗೊತ್ತಾಗುವುದಿಲ್ಲ. ಮೆಷೀನು ಮಾತ್ರ ಅದೇ ದಾರಿಯಲ್ಲಿ ಎರಡು ಸಲ ಸುಡುತ್ತದೆ. ಅಂಚು ಕರಕಲು, ಕೆಲವೊಮ್ಮೆ ಬೆಂಕಿ. ನಿಮ್ಮ ಕಟಿಂಗ್ ಸಾಫ್ಟ್‌ವೇರ್ ಲೈಟ್‌ಬರ್ನ್ ಆಗಿದ್ದರೆ ‘ಡಿಲೀಟ್ ಡೂಪ್ಲಿಕೇಟ್ಸ್’ ಒತ್ತಿ. ಆಟೊಕ್ಯಾಡ್‌ನಿಂದ ತಂದ ಫೈಲುಗಳಲ್ಲಿ ಇದನ್ನು ತಪ್ಪದೆ ಮಾಡಿ.

ಹಂತ 8: ನಿಮ್ಮನ್ನೂ ಸುತ್ತಲನ್ನೂ ಅಣಿ ಮಾಡಿಕೊಳ್ಳಿ

ದುಪಟ್ಟಾ, ಸೆರಗು, ಬಿಟ್ಟ ಕೂದಲು ಇದ್ದರೆ ಕಟ್ಟಿಕೊಳ್ಳಿ. ಕಾಲು ಮುಚ್ಚುವ ಶೂ ಹಾಕಿ, ಶೀಟಿನ ಮೂಲೆ ಕಾಲ ಮೇಲೆ ಬಿದ್ದರೆ ನೋವಾಗುತ್ತದೆ. ಮೆಷೀನಿನ ಮೇಲೆ ಇಟ್ಟಿರುವ ಕಾಗದ, ಸ್ಯಾನಿಟೈಸರ್, ಥಿನ್ನರ್ ಬಾಟಲಿ ತೆಗೆಯಿರಿ. ಒಂದು ಹತ್ತಿ ಬಟ್ಟೆ ಒದ್ದೆ ಮಾಡಿ ಹಿಂಡಿ ಕೈಗೆಟಕುವಲ್ಲಿ ಇಟ್ಟುಕೊಳ್ಳಿ.

ಹಂತ 9: ಮೊದಲು ಎಕ್ಸಾಸ್ಟ್, ಆಮೇಲೆ ಚಿಲ್ಲರ್, ಕೊನೆಗೆ ಮೆಷೀನು

ಈ ಕ್ರಮ ತಪ್ಪಿಸಬೇಡಿ. ಎಕ್ಸಾಸ್ಟ್ ಹಾಕಿ ಒಂದು ಟಿಶ್ಯೂ ಚೂರನ್ನು ಮುಚ್ಚಳದ ಸಂದಿಗೆ ಹಿಡಿಯಿರಿ. ಒಳಕ್ಕೆ ಎಳೆದರೆ ಸರಿ. ಶಬ್ದ ಮಾತ್ರ ಬಂದು ಟಿಶ್ಯೂ ಅಲುಗದಿದ್ದರೆ ಪೈಪು ಎಲ್ಲೋ ಕಟ್ಟಿದೆ ಅಥವಾ ಕಳಚಿದೆ, ಮುಂದೆ ಹೋಗಬೇಡಿ. ಚಿಲ್ಲರ್ ಹಾಕಿ, ಟ್ಯೂಬಿಗೆ ನೀರು ಹರಿಯುತ್ತಿದೆಯೇ, ಅಲಾರಂ ಬರುತ್ತಿಲ್ಲವೇ ನೋಡಿ. ನೀರಿಲ್ಲದೆ ಲೇಸರ್ ಹಾರಿಸಿದರೆ ಗಾಜಿನ ಟ್ಯೂಬು ಸೀಳುತ್ತದೆ. ಅದರ ಬೆಲೆ ಸಾವಿರಗಳ ಲೆಕ್ಕದಲ್ಲಿ.

ಮಂಗಳೂರು, ಉಡುಪಿ ಕಡೆಯವರಿಗೆ ಒಂದು ಮಾತು: ಮಳೆಗಾಲದಲ್ಲಿ ಚಿಲ್ಲರನ್ನು ತೀರಾ ತಣ್ಣಗೆ ಇಟ್ಟರೆ ಟ್ಯೂಬಿನ ಮೇಲೆ ನೀರಿನ ಹನಿ ಕಟ್ಟುತ್ತದೆ. ಹೈ ವೋಲ್ಟೇಜ್ ಇರುವ ಕಡೆ ನೀರು ಒಳ್ಳೆಯದಲ್ಲ. ಸೆಟ್ಟಿಂಗನ್ನು ನೀವು ಬದಲಿಸಬೇಡಿ, ಹನಿ ಕಂಡರೆ ಹೇಳಿ.

ಹಂತ 10: ಶೀಟನ್ನು ಸಮತಟ್ಟಾಗಿ ಇಡಿ

ಎಂಡಿಎಫ್ ಬಾಗಿದ್ದರೆ ಹೆಡ್ಡಿಗೆ ತಾಗುತ್ತದೆ, ಇಲ್ಲವೇ ಒಂದು ಕಡೆ ಕಟ್ ಆಗಿ ಇನ್ನೊಂದು ಕಡೆ ಉಳಿಯುತ್ತದೆ. ನಾಲ್ಕು ಮೂಲೆಗೆ ಅಯಸ್ಕಾಂತ ಇಟ್ಟು ಒತ್ತಿ, ಹೆಡ್ ಓಡಾಡುವ ದಾರಿಗೆ ಅಡ್ಡ ಬರದಂತೆ. ಕನ್ನಡಿ ಅಕ್ರಿಲಿಕ್ ಹಾಕುವ ದಿನ ಬಂದರೆ ಕನ್ನಡಿಯ ಮುಖ ಕೆಳಗಿರಲಿ.

ಹಂತ 11: ಫೋಕಸ್ ಮಾಡಿ

ಮೆಷೀನಿನ ಜೊತೆ ಒಂದು ಅಕ್ರಿಲಿಕ್ ತುಂಡು ದಾರಕ್ಕೆ ಕಟ್ಟಿ ನೇತುಹಾಕಿರುತ್ತಾರೆ, ಅದು ಫೋಕಸ್ ಗೇಜ್. ಅದನ್ನು ಶೀಟಿನ ಮೇಲೆ ಇಟ್ಟು, ನಾಝಲ್ ಅದರ ತಲೆಗೆ ತಾಗುವಷ್ಟು ಬೆಡ್ ಏರಿಸಿ ಅಥವಾ ಹೆಡ್ ಇಳಿಸಿ. ಗೇಜನ್ನು ತೆಗೆಯಿರಿ. ಹೌದು, ಇದನ್ನೂ ಬರೆಯಲೇಬೇಕು: ಗೇಜನ್ನು ಅಲ್ಲೇ ಮರೆತು ಸ್ಟಾರ್ಟ್ ಒತ್ತುವವರು ಪ್ರತಿ ಬ್ಯಾಚಿನಲ್ಲೂ ಇರುತ್ತಾರೆ.

ಹಂತ 12: ಒರಿಜಿನ್ ಇಟ್ಟು ಫ್ರೇಮ್ ಒತ್ತಿ

ಹೆಡ್ಡನ್ನು ಬಾಣದ ಬಟನ್‌ಗಳಿಂದ ಶೀಟಿನ ಮೂಲೆಯ ಹತ್ತಿರ ತನ್ನಿ, ‘ಒರಿಜಿನ್’ ಒತ್ತಿ. ಮುಚ್ಚಳ ಮುಚ್ಚಿ ‘ಫ್ರೇಮ್’ ಒತ್ತಿ. ಲೇಸರ್ ಹಾರಿಸದೆ ಹೆಡ್ ನಿಮ್ಮ ಕೆಲಸದ ಸುತ್ತ ಒಂದು ಪ್ರದಕ್ಷಿಣೆ ಹಾಕುತ್ತದೆ. ಕೆಂಪು ಚುಕ್ಕೆ ಶೀಟಿನ ಒಳಗೇ ಇದೆಯೇ, ಅಯಸ್ಕಾಂತಕ್ಕೆ ತಾಗಲಿಲ್ಲವೇ ನೋಡಿ. ಹಿಂದಿನವರ ಒರಿಜಿನ್ ಹಾಗೇ ಉಳಿದಿರುತ್ತದೆ, ಆದ್ದರಿಂದ ಫ್ರೇಮ್ ಒತ್ತದೆ ಯಾವತ್ತೂ ಸ್ಟಾರ್ಟ್ ಒತ್ತಬೇಡಿ.

ಹಂತ 13: ಪವರ್, ಸ್ಪೀಡ್ ಎರಡನ್ನೂ ನೀವೇ ಹಾಕಿ

ಪರದೆಯಲ್ಲಿ ಮೊದಲೇ ಇರುವ ಅಂಕಿಗಳನ್ನು ನಂಬಬೇಡಿ. ಅವು ಯಾರೋ ನಿನ್ನೆ 6 ಮಿ.ಮೀ. ಅಕ್ರಿಲಿಕ್‌ಗೆ ಹಾಕಿದ್ದಿರಬಹುದು. ಗೋಡೆಯ ಮೇಲಿನ ಚಾರ್ಟ್ ನೋಡಿ. 60 ವ್ಯಾಟಿನ ಟ್ಯೂಬಿಗೆ 3 ಮಿ.ಮೀ. ಎಂಡಿಎಫ್ ಕಟ್ ಮಾಡಲು ಸೆಕೆಂಡಿಗೆ 12 ಮಿ.ಮೀ., ಪವರ್ 60 ಪರ್ಸೆಂಟ್. ಕೆತ್ತನೆಗೆ ಸೆಕೆಂಡಿಗೆ 250 ಮಿ.ಮೀ., 18 ಪರ್ಸೆಂಟ್. ಪರೀಕ್ಷೆ ಶುರು ಮಾಡಲು ಇದು ಸಾಕು. ಟ್ಯೂಬು ಹಳತಾದಂತೆ ಅಂಕಿ ಬದಲಾಗುತ್ತದೆ.

ಎಚ್ಚರ: ಸ್ಪೀಡಿನ ಪಕ್ಕದಲ್ಲಿರುವ ಯೂನಿಟ್ ಓದಿ. ಸೆಕೆಂಡಿಗೆ 12 ಮಿ.ಮೀ. ಅಂದರೆ ನಿಮಿಷಕ್ಕೆ 720. ಸಾಫ್ಟ್‌ವೇರ್ ನಿಮಿಷದ ಲೆಕ್ಕದಲ್ಲಿದ್ದು ನೀವು 12 ಅಂತ ಹಾಕಿದರೆ ಹೆಡ್ ಬಸವನಹುಳುವಾಗುತ್ತದೆ, ಕಿರಣ ಒಂದೇ ಜಾಗವನ್ನು ಸುಡುತ್ತ ನಿಲ್ಲುತ್ತದೆ. ಬೆಂಕಿಗೆ ಇದಕ್ಕಿಂತ ನೇರ ದಾರಿ ಬೇಕಿಲ್ಲ.

ಕೆಲಸದ ಕ್ರಮವನ್ನೂ ಇಲ್ಲೇ ನೋಡಿ: ಮೊದಲು ಕೆತ್ತನೆ, ಆಮೇಲೆ ರಂಧ್ರ, ಕೊನೆಗೆ ಹೊರ ಅಂಚು. ಅಂಚು ಮೊದಲೇ ಕಟ್ ಆದರೆ ಫಲಕ ಸ್ವಲ್ಪ ಜರುಗುತ್ತದೆ, ಮುಂದಿನದೆಲ್ಲ ಓರೆ.

ಹಂತ 14: ಮೂಲೆಯಲ್ಲಿ ಒಂದು ಪುಟ್ಟ ಚೌಕ ಕತ್ತರಿಸಿ ನೋಡಿ

20 ಮಿ.ಮೀ. ಚೌಕ ಸಾಕು. ತಾನಾಗಿ ಬಿದ್ದರೆ ಸರಿ. ಬೀಳದಿದ್ದರೆ ಪವರ್ ಏರಿಸುವ ಮೊದಲು ಫೋಕಸ್ ಇನ್ನೊಮ್ಮೆ ನೋಡಿ, ಹೆಚ್ಚಿನ ಸಲ ತಪ್ಪು ಅಲ್ಲೇ ಇರುತ್ತದೆ. ಬಿದ್ದ ಚೌಕವನ್ನು ಅಳೆಯಿರಿ: 20ಕ್ಕಿಂತ ತುಸು ಕಡಿಮೆ ಬರುತ್ತದೆ. ಕಿರಣ ತಾನು ಹೋದ ದಾರಿಯಷ್ಟು ಅಗಲವನ್ನು ಸುಟ್ಟು ಹಾಕುತ್ತದೆ, ಅದಕ್ಕೆ ಕರ್ಫ್ ಅನ್ನುತ್ತಾರೆ. ಫಲಕಕ್ಕೆ ಇದು ಲೆಕ್ಕಕ್ಕಿಲ್ಲ. ಒಂದಕ್ಕೊಂದು ಸಿಕ್ಕಿಸುವ ಪೆಟ್ಟಿಗೆ ಮಾಡುವಾಗ ಬೇಕಾಗುತ್ತದೆ.

ಹಂತ 15: ಏರ್ ಅಸಿಸ್ಟ್ ಹಾಕಿ, ಮುಚ್ಚಳ ಮುಚ್ಚಿ, ಸ್ಟಾರ್ಟ್ ಒತ್ತಿ

ಮೊದಲ ಸಲ ಸ್ಟಾರ್ಟ್ ಒತ್ತುವಾಗ ಕೈ ನಡುಗಿದರೆ ನಡುಗಲಿ. ಇಲ್ಲಿಯವರೆಗೆ ಎಲ್ಲ ನೋಡಿಕೊಂಡೇ ಬಂದಿದ್ದೀರಿ.

ಹಂತ 16: ಅಲ್ಲೇ ನಿಲ್ಲಿ

ಒಲೆ ಮೇಲೆ ಹಾಲಿಟ್ಟವರ ಹಾಗೆ. ಟೀ ಕುಡಿಯಲು ಹೋಗಬೇಡಿ, ಫೋನ್ ಬಂದರೆ ತೆಗೆಯಬೇಡಿ. ತೆಗೆಯಲೇಬೇಕಿದ್ದರೆ ‘ಪಾಝ್’ ಒತ್ತಿ, ಲೇಸರ್ ನಿಂತದ್ದನ್ನು ನೋಡಿ ಆಮೇಲೆ ಮಾತಾಡಿ. ‘ಸ್ವಲ್ಪ ನೋಡ್ಕೊಳ್ಳಪ್ಪ’ ಅಂತ ಪಕ್ಕದವರಿಗೆ ಒಪ್ಪಿಸುವುದೂ ಬೇಡ, ಅವರಿಗೆ ಈ ಮೆಷೀನು ಗೊತ್ತಿದೆ ಅಂತ ನಿಮಗೆ ಗೊತ್ತಿಲ್ಲದಿದ್ದರೆ.

ಕಿರಣ ಬೀಳುವ ಜಾಗದಲ್ಲಿ ಸಣ್ಣ ಹೊಳಪು ಕಾಣುವುದು ಸಹಜ, ಅದು ಹೆಡ್ ಜೊತೆಗೇ ಓಡುತ್ತದೆ. ಅದನ್ನೇ ದಿಟ್ಟಿಸಿ ನೋಡುತ್ತ ಕೂರಬೇಡಿ, ಕಣ್ಣಿಗೆ ಆಯಾಸ. ಹೆಡ್ ಮುಂದೆ ಹೋದ ಮೇಲೂ ಜ್ವಾಲೆ ಹಿಂದೆಯೇ ಉಳಿದರೆ ಅದು ಬೆಂಕಿ. ಆಗ ಹೀಗೆ ಮಾಡಿ:

ಕೆಂಪು ಎಮರ್ಜೆನ್ಸಿ ಸ್ಟಾಪ್ ಹೊಡೆಯಿರಿ. ಜ್ವಾಲೆ ಮೇಣದಬತ್ತಿಯಷ್ಟಿದ್ದರೆ ಮುಚ್ಚಳ ತೆರೆದು ಒದ್ದೆ ಬಟ್ಟೆ ಮುಚ್ಚಿ. ಅದಕ್ಕಿಂತ ದೊಡ್ಡದಾಗಿದ್ದರೆ ಮುಚ್ಚಳವನ್ನು ಅಗಲವಾಗಿ ತೆರೆಯಬೇಡಿ, ಒಳಗೆ ಗಾಳಿ ನುಗ್ಗುತ್ತದೆ. ಕೂಗಿ ಎಲ್ಲರಿಗೂ ತಿಳಿಸಿ, ಸಿಲಿಂಡರ್ ತನ್ನಿ, ಪಿನ್ ಕೀಳಿ, ಮುಚ್ಚಳವನ್ನು ಸ್ವಲ್ಪವೇ ಎತ್ತಿ ಜ್ವಾಲೆಯ ಬುಡಕ್ಕೆ ಗುರಿಯಿಟ್ಟು ಆಚೀಚೆ ಆಡಿಸಿ. ಸಿಓಟು ಸಿಲಿಂಡರ್ ಆದರೆ ಕೊಳವೆಯ ಬಾಯನ್ನು ಬರಿಗೈಲಿ ಹಿಡಿಯಬೇಡಿ, ತಣ್ಣಗೆ ಕೊರೆದು ಚರ್ಮ ಕಿತ್ತುಬರುತ್ತದೆ. ಪೌಡರ್ ಸಿಲಿಂಡರ್ ಮಾತ್ರ ಇದ್ದರೆ ಅದನ್ನೇ ಬಳಸಿ. ಲೆನ್ಸ್ ಹಾಳಾಗುತ್ತದೆ ಅಂತ ಯೋಚಿಸುವ ಹೊತ್ತಲ್ಲ. ಆರದಿದ್ದರೆ ಎಲ್ಲರೂ ಹೊರಗೆ, 101 ಅಥವಾ 112ಕ್ಕೆ ಫೋನ್.

ಮಧ್ಯದಲ್ಲಿ ಕರೆಂಟ್ ಹೋದರೂ ಗಾಬರಿ ಬೇಡ. ಆದರೆ ಎಕ್ಸಾಸ್ಟೂ ನಿಂತಿರುತ್ತದೆ, ಶೀಟಿನಲ್ಲಿ ಕೆಂಡ ಉಳಿದಿರಬಹುದು. ಕಿಟಕಿಯಿಂದ ಕಣ್ಣಿಡಿ. ಮೆಷೀನಿನ ಸ್ವಿಚ್ಚನ್ನು ಆಫ್ ಮಾಡಿ, ಕರೆಂಟ್ ಬಂದ ಕೂಡಲೇ ಅದು ತಾನಾಗಿ ಎದ್ದು ಕೂರುವುದು ಬೇಡ. ಬಂದ ಮೇಲೆ ಮತ್ತೆ ಹಂತ 9ರಿಂದ.

ಹಂತ 17: ಮುಗಿದ ಮೇಲೆ ಒಂದು ನಿಮಿಷ ಕಾಯಿರಿ

ಬೀಪ್ ಬಂದ ತಕ್ಷಣ ಮುಚ್ಚಳ ಎತ್ತುವ ಆಸೆ ತಡೆದುಕೊಳ್ಳಿ. ಒಳಗಿನ ಹೊಗೆಯನ್ನು ಎಕ್ಸಾಸ್ಟ್ ಎಳೆದುಕೊಳ್ಳಲಿ.

ಹಂತ 18: ಶೀಟು ಅಲುಗಿಸದೆ ಫಲಕ ಎತ್ತಿ

ಬೆರಳಿನಿಂದ ಮೆಲ್ಲಗೆ ಫಲಕವನ್ನು ಮೇಲಕ್ಕೆ ತಳ್ಳಿ ನೋಡಿ. ಬಿಟ್ಟುಕೊಂಡರೆ ಸರಿ. ಎಲ್ಲಾದರೂ ಹಿಡಿದಿದ್ದರೆ ಮುರಿದು ಎಳೆಯಬೇಡಿ; ಶೀಟು ಇದ್ದಲ್ಲೇ ಇರಲಿ, ಕೆಂಪು ಗೆರೆಯನ್ನಷ್ಟೇ ಇನ್ನೊಮ್ಮೆ ಓಡಿಸಿ. ಶೀಟು ಒಂದು ಕೂದಲೆಳೆ ಸರಿದರೂ ಎರಡನೇ ಕಟ್ ಮೊದಲನೆಯದರ ಪಕ್ಕದಲ್ಲಿ ಬೀಳುತ್ತದೆ.

ಹಂತ 19: ಬೆಡ್ ಗುಡಿಸಿ, ಬಂದ ಕ್ರಮ ತಿರುಗಿಸಿ ಆಫ್ ಮಾಡಿ

ಹನಿಕಾಂಬ್ ಸಂದಿಯಲ್ಲಿ, ಕೆಳಗಿನ ತಟ್ಟೆಯಲ್ಲಿ ಬಿದ್ದ ಚೂರುಗಳನ್ನು ತೆಗೆಯಿರಿ. ಮುಂದಿನವರ ಬೆಂಕಿ ಹತ್ತುವುದು ನಿಮ್ಮ ಚೂರಿಗೇ. ಆಮೇಲೆ ಮೆಷೀನು, ಚಿಲ್ಲರ್, ಕೊನೆಗೆ ಎಕ್ಸಾಸ್ಟ್. ಉಳಿದ ಎಂಡಿಎಫ್ ತುಂಡನ್ನು ಡಬ್ಬಿಗೆ ಹಾಕುವ ಮೊದಲು ಅದರ ಮೇಲೆ ಪೆನ್ನಿನಲ್ಲಿ ‘ಎಂಡಿಎಫ್ 3’ ಅಂತ ಬರೆಯಿರಿ. ಹೊಗೆ ಹಿಡಿದ ಲೆನ್ಸನ್ನು ಒರೆಸಲು ಹೋಗಬೇಡಿ, ಅದು ಝಿಂಕ್ ಸೆಲೆನೈಡ್, ಒಡೆದರೆ ವಿಷ. ಗೊತ್ತಿದ್ದವರೇ ಮಾಡಲಿ.

ಹಂತ 20: ರಿಜಿಸ್ಟರಿನಲ್ಲಿ ಬರೆಯಿರಿ

ಹೆಸರು, ಸಮಯ ಬರೆದು ಸಹಿ ಹಾಕಿ ಹೋಗುವವರೇ ಹೆಚ್ಚು. ನೀವು ಒಂದು ಸಾಲು ಜಾಸ್ತಿ ಬರೆಯಿರಿ: ‘ಎಂಡಿಎಫ್ 3 ಮಿ.ಮೀ., ಕಟ್ 12/60, ಕೆತ್ತನೆ 250/18, ಬಲಗಡೆ ಮುಂದಿನ ಮೂಲೆಯಲ್ಲಿ ಪೂರ್ತಿ ಬಿಡಲಿಲ್ಲ.’ ಈ ಕೊನೆಯ ತುಣುಕು ಇನ್‌ಚಾರ್ಜ್‌ಗೆ ಬೇಕಾದ ಸುದ್ದಿ. ಅದೇ ಮೂಲೆಯ ದೂರನ್ನು ಇನ್ನೊಬ್ಬರೂ ಬರೆದರೆ ಕಿರಣವನ್ನು ಹೆಡ್ಡಿಗೆ ತಲುಪಿಸುವ ಕನ್ನಡಿಗಳ ಜೋಡಣೆ ತಪ್ಪಿದೆ ಅಥವಾ ಬೆಡ್ ಒಂದು ಕಡೆ ಇಳಿದಿದೆ ಅಂತ ಅವರಿಗೆ ಗೊತ್ತಾಗುತ್ತದೆ, ಯಾರೋ ಪವರ್ ಏರಿಸಿ ಏರಿಸಿ ಟ್ಯೂಬು ಸುಡುವ ಮೊದಲೇ ಸ್ಕ್ರೂಡ್ರೈವರ್ ಹಿಡಿದು ಬರುತ್ತಾರೆ.